ಕೈಫಿಯತ್ತು: ಒಂದು ಶಬ್ದದ ಚರಿತ್ರೆ

ನಡೆದ ಸಂಗತಿಗಳನ್ನು ಬರೆದಿಡುವ ಕಾರ್ಯಕ್ಕೆ ಕನ್ನಡದಲ್ಲಿ ರೂಢವಾಗಿರುವ ಶಬ್ದಗಳು ಹಲವು. ಇವನ್ನೆಲ್ಲ ಒಂದೇ ಅರ್ಥದವೆಂದು ಎಣಿಸುವುದು ವಾಡಿಕೆಯಾದರೂ, ಪ್ರತಿಯೊಂದು ಶಬ್ದದ ಮೂಲದಲ್ಲಿಯೂ ಬೇರೆ ಬೇರೆ ಅಭಿಪ್ರಾಯವುಂಟು. ಶಾಸನವೆಂದರೆ ಆಜ್ಞೆ, ಆಳುವವನು ಆಡಿದ ಮಾತು ಕಲ್ಲಿನ ಮೇಲೆ ನಿಂತುದು. ಇತಿಹಾಸವೆಂಬುದನ್ನು ‘ಇತಿ ಹ ಆಸ’ ಎಂದು ಬಿಡಿಸಿ, ‘ಹೀಗೆಯೇ ಇದ್ದಿತು’ ಎಂದು ಅರ್ಥ ಹೇಳುವರು. ದಾಖಲೆಯು ಒಳಹೊಗುವುದೆಂಬ ಅರ್ಥದ ಅರಬ್ಬಿ ಧಾತುವಿನಿಂದ ಬಂದುದು. ಲೆಕ್ಕದ ಪುಸ್ತಕದೊಳಕ್ಕೆ ಸೇರಿದುದು ದಾಖಲೆ. ಈ ಪಂಕ್ತಿಯಲ್ಲಿಯೇ ಕುಳಿತಿದ್ದು, ಇಂದು ವಿದ್ವಾಂಸರ ಬಾಯಲ್ಲಲ್ಲದೆ ಹೆಚ್ಚಾಗಿ ಕೇಳಿಬಾರದಿರುವ ಶಬ್ದವು ‘ಕೈಫಿಯತ್ತು’. ನಮ್ರವಾದ ಈ ಕಚೇರಿಯ ಶಬ್ದದಲ್ಲಿ ಕರ್ನಾಟಕದ ಗ್ರಾಮಚರಿತ್ರೆಯ ಬಹುಭಾಗವು ಅಡಗಿರುತ್ತದೆ.

ಅರಬ್ಬಿ ಭಾಷೆಯಲ್ಲಿ ‘ಕೈಫ’ ಎಂದರೆ ‘ಹೇಗೆ?’ ಎಂಬ ಪ್ರಶ್ನೆ. ಅದರಿಂದ ಹುಟ್ಟಿದ ಭಾವನಾಮಕ್ಕೆ ‘ಹೇಗಿರುವಿಕೆ’, ಎಂದರೆ ಸ್ಥಿತಿ, ರೀತಿ ಎಂದು ಅರ್ಥ. ಬಹಮನಿ, ಆದಿಲಶಾಹಿ ಮೊದಲಾದ ರಾಜ್ಯಗಳ ದಫ್ತರುಗಳಲ್ಲಿ ಪಾರಸಿಯು ಬಳಕೆಯಲ್ಲಿದ್ದುದರಿಂದ, ಶಬ್ದವು ಆ ಭಾಷೆಯ ಮೂಲಕ ಮರಾಠಿ, ಕನ್ನಡ, ತೆಲುಗುಗಳಿಗೆ ಇಳಿಯಿತು. ಹಕೀಕತ್ತು, ತಾಕತ್ತು, ದೌಲತ್ತುಗಳಂತೆ ಇದೂ ಕೊನೆಯಲ್ಲಿ ಒತ್ತನ್ನೂ ಉಕಾರವನ್ನೂ ಪಡೆದು ಕನ್ನಡದ್ದೇ ಆಗಿಹೋಯಿತು. ರೂಪ ಬದಲಾದರೂ ಮೂಲದ ಪ್ರಶ್ನೆಯು ಅದರಿಂದ ಅಳಿಸಿಹೋಗಲಿಲ್ಲ. ‘ಇದು ಹೇಗೆ?’ ಎಂದು ಕೇಳುವವನೊಬ್ಬನಿದ್ದಾಗ, ‘ಹೀಗೆ’ ಎಂದು ಉತ್ತರವಾಗಿ ಹೇಳಿ ಬರೆಯಿಸಿದುದೇ ಕೈಫಿಯತ್ತು.

ನಿತ್ಯವ್ಯವಹಾರದ ಬಳಕೆಯಿಂದ ಇದು ಇನ್ನೂ ಸ್ಪಷ್ಟವಾಗುವುದು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ನ್ಯಾಯಾಲಯಗಳಲ್ಲಿ, ವಾದಿಯು ಫಿರ್ಯಾದು ಕೊಟ್ಟ ಮೇಲೆ ಪ್ರತಿವಾದಿಯು ಬರೆದು ಸಲ್ಲಿಸುವ ಉತ್ತರಕ್ಕೆ ಕೈಫಿಯತ್ತೆಂದು ಹೆಸರಿತ್ತು. ೧೯೪೮ರ ವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಬೀದರ, ಕಲಬುರಗಿ, ರಾಯಚೂರು ಪ್ರಾಂತಗಳಲ್ಲಿ ಆಗ ಉರ್ದುವೇ ಕಚೇರಿಯ ಭಾಷೆಯಾಗಿತ್ತು. ಉರ್ದು ತಖ್ತೆಗಳಲ್ಲಿ ಅಂಕಿಗಳ ಕಲಮುಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಬರುವ ‘ಕೈಫಿಯತ್’ ಎಂಬ ಕಲಮು ಕನ್ನಡ ಕಚೇರಿಗಳ ‘ಷರಾ’ ಎಂಬುದಕ್ಕೆ ಸಮಾನವಾದುದು. ಅಂಕಿಗಳಲ್ಲಿ ಹೇಳಲಾಗದ ವಿಷಯಕ್ಕೆ ಅಲ್ಲಿ ಸ್ಥಳ. ಮಹಜರಿಗೂ ಕೈಫಿಯತ್ತಿಗೂ ಇರುವ ಭೇದವನ್ನು ಹಳೆಯ ಶಾನುಭೋಗರು ಬಲ್ಲವರಾಗಿದ್ದರು. ಹತ್ತು ಜನರು ಕೂಡಿ ಕಣ್ಣಾರೆ ಕಂಡು ರುಜು ಹಾಕಿದುದು ಮಹಜರು. ಒಂದು ಪಕ್ಷದವರು ತಮ್ಮ ಸ್ಥಿತಿಯನ್ನು ತಾವೇ ಹೇಳಿಕೊಂಡುದು ಕೈಫಿಯತ್ತು.

ಇಂಥ ಕಚೇರಿಯ ಶಬ್ದವು ಚರಿತ್ರೆಯ ಶಬ್ದವಾದ ಸಂದರ್ಭವು ತಿಳಿಯತಕ್ಕದ್ದಾಗಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಮೈಸೂರು ರಾಜ್ಯವು ಮರಳಿ ಒಡೆಯರ ಮನೆತನಕ್ಕೆ ಬಂದ ಮೇಲೆ, ಕಂಪೆನಿಯವರು ೧೮೦೦ರಲ್ಲಿ ದೇಶದ ಅಳತೆಯ ಕೆಲಸವನ್ನು ಕಾಲಿನ್ ಮೆಕೆಂಜಿ ಎಂಬ ಅಧಿಕಾರಿಗೆ ಒಪ್ಪಿಸಿದರು. ಸ್ಕಾಟ್ಲೆಂಡಿಗೆ ಸೇರಿದ ದ್ವೀಪವೊಂದರಲ್ಲಿ ಹುಟ್ಟಿ ೧೭೮೩ರಲ್ಲಿ ಭಾರತಕ್ಕೆ ಬಂದ ಈತನು, ಮುಂದೆ ೧೮೧೫ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಪದವಿಯನ್ನು ಪಡೆದನು. ಬೆಟ್ಟ ಹೊಳೆಗಳನ್ನು ಅಳೆಯುವುದರಿಂದ ಈತನಿಗೆ ತೃಪ್ತಿಯಾಗಲಿಲ್ಲ. ಊರು ಹುಟ್ಟಿದುದು ಹೇಗೆ, ಆಳಿದವರು ಯಾರು, ದೇವಸ್ಥಾನವನ್ನು ಕಟ್ಟಿಸಿದವರು ಯಾರು, ಕೆರೆಯ ಕೆಳಗಣ ಭೂಮಿ ಯಾರ ಇನಾಮು ಎಂಬ ಪ್ರಶ್ನೆಗಳಿಗೆ ಆಯಾ ಸ್ಥಳದವರಿಂದಲೇ ಉತ್ತರವನ್ನು ಬರೆಯಿಸಿ ತರಿಸಿದನು.

ದೇಶಭಾಷೆಗಳು ತನಗೆ ಬಾರವೆಂದು ಮೆಕೆಂಜಿಯೇ ಒಪ್ಪಿಕೊಂಡಿದ್ದಾನೆ. ಈ ಕಾರ್ಯವು ನಡೆದುದು ಕಾವಲಿ ವೆಂಕಟ ಬೋರಯ್ಯನಿಂದ. ಅವನು ೧೮೦೩ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ ಮೇಲೆ ಅವನ ಸಹೋದರ ಲಕ್ಷ್ಮಯ್ಯನಿಂದ. ಇವರ ಕೈಕೆಳಗೆ ಊರೂರು ತಿರುಗಿದ ಗುಮಾಸ್ತರಿಂದ. ಅವರು ಶಾನುಭೋಗನ ಕಡತವನ್ನು ಬಿಚ್ಚಿಸಿ ಓದಿಸಿದರು. ಅರ್ಚಕನಿಂದ ಸ್ಥಳಪುರಾಣವನ್ನೂ ಗೌಡನಿಂದ ಪಾಳೆಯಗಾರರ ಸುದ್ದಿಯನ್ನೂ ಕೇಳಿದರು. ಕಲ್ಲಿನ ಮೇಲಣ ಶಾಸನಗಳ ನಕಲನ್ನು ತೆಗೆದರು. ೧೮೨೧ರಲ್ಲಿ ಮೆಕೆಂಜಿಯು ಕಾಲವಾದ ತರುವಾಯ ಈ ಸಂಗ್ರಹವನ್ನು ಕಂಪೆನಿಯ ಸರ್ಕಾರವು ಕೊಂಡುಕೊಂಡಿತು, ೧೮೨೮ರಲ್ಲಿ ಎಚ್. ಎಚ್. ವಿಲ್ಸನ್ ಎಂಬ ಸಂಸ್ಕೃತ ಪಂಡಿತನು ಅದರ ಪಟ್ಟಿಯನ್ನು ಪ್ರಕಟಿಸಿದನು. ದೇಶಭಾಷೆಗಳ ಕಾಗದಗಳಲ್ಲಿ ಬಹುಭಾಗವು ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರಕ್ಕೆ ಸೇರಿತು. ಕನ್ನಡದ ಕೈಫಿಯತ್ತುಗಳು ಡಾ|| ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ೧೯೯೪ರಲ್ಲಿ ಗ್ರಂಥರೂಪವಾಗಿ ಹೊರಬಂದುವು.

ಈಗ ಆ ಗ್ರಾಮಸ್ಥರ ಕಡೆಯಿಂದ ಸಂಗತಿಯನ್ನು ಆಲೋಚಿಸಿ ನೋಡಬೇಕು. ಟಿಪ್ಪುವಿನ ಕಾಲದಲ್ಲಿ ಅನೇಕ ಇನಾಮುಗಳು ಸರ್ಕಾರಕ್ಕೆ ಸೇರಿಹೋಗಿದ್ದುವು. ಅರಸು ಬದಲಾಗಿತ್ತು, ದಿವಾನ್ ಪೂರ್ಣಯ್ಯನವರ ಆಡಳಿತವು ಹೊಸದಾಗಿ ನೆಲೆಗೊಳ್ಳುತ್ತಿತ್ತು. ಅಂಥ ದಿನಗಳಲ್ಲಿ ಸರಪಣಿ ಹಿಡಿದು ಹೊಲವನ್ನಳೆಯುವ ದೊರೆಯ ಕಡೆಯವನೊಬ್ಬನು ಬಂದು, ‘ನಿಮ್ಮ ಊರಿನ ವೃತ್ತಾಂತವೇನು?’ ಎಂದು ಕೇಳಿದರೆ, ಅದು ಕೇವಲ ಜ್ಞಾನಾಪೇಕ್ಷೆಯ ಪ್ರಶ್ನೆಯೆಂದು ಊರವರು ನಂಬುವುದೆಂತು? ಒಂದು ಮಾತು ಹೆಚ್ಚಾದರೆ ಕಂದಾಯ ಹೆಚ್ಚೀತೆಂಬ ಭಯ. ಒಂದು ಮಾತು ಕಡಮೆಯಾದರೆ ದೇವರ ಮಾನ್ಯವು ಹೋದೀತೆಂಬ ಭಯ. ಆದುದರಿಂದಲೇ ಕೈಫಿಯತ್ತುಗಳಲ್ಲಿ ದೇವಸ್ಥಾನದ ಪ್ರಾಚೀನತೆಯೂ ದತ್ತಿಯ ವಿವರವೂ ವಿಸ್ತಾರವಾಗಿ ಬಂದಿರುವುದು ಆಶ್ಚರ್ಯವಲ್ಲ. ಹೇಳಿದವರು ಚರಿತ್ರೆಯನ್ನು ಹೇಳುತ್ತಿದ್ದರು. ಜೊತೆಯಲ್ಲಿಯೇ ತಮ್ಮ ಅನ್ನದ ಹಕ್ಕನ್ನೂ ಹೇಳಿಕೊಳ್ಳುತ್ತಿದ್ದರು. ನ್ಯಾಯಾಲಯದಲ್ಲಿ ಈ ಶಬ್ದಕ್ಕಿರುವ ಪ್ರತಿವಾದಿಯ ಉತ್ತರವೆಂಬ ಅರ್ಥವು ಇಲ್ಲಿಯೂ ಸಲ್ಲುತ್ತದೆ.

ಈ ಭಯವು ನಿರಾಧಾರವಾದುದಲ್ಲವೆಂಬುದು ಮುಂದೆ ಉತ್ತರಕರ್ನಾಟಕದಲ್ಲಿ ಕಂಡುಬಂದಿತು. ಮುಂಬಯಿ ಸರ್ಕಾರದ ಇನಾಮು ಕಮಿಷನ್ನಿಗೆ ೧೮೫೨ರ ೧೧ನೆಯ ಕಾಯಿದೆಯಿಂದ ಪೂರ್ಣಾಧಿಕಾರವು ದೊರೆತ ಮೇಲೆ, ಧಾರವಾಡ ಬೆಳಗಾವಿ ಪ್ರಾಂತಗಳ ಇನಾಮುದಾರರು ತಮ್ಮ ಭೂಮಿ ತಮ್ಮದು ಹೇಗೆಂದು ಆಧಾರ ಸಹಿತವಾಗಿ ತೋರಿಸಬೇಕಾಯಿತು. ಹುಳು ತಿಂದ ಸನದು, ಯುದ್ಧದಲ್ಲಿ ಸುಟ್ಟ ಕಾಗದ, ಅಜ್ಜನ ಬಾಯಿಮಾತು ಇವುಗಳನ್ನೇ ನಂಬಿದ್ದ ಮನೆತನಗಳಿಗೆ ‘ಹೇಗೆ?’ ಎಂಬ ಪ್ರಶ್ನೆಯು ಜೀವನ್ಮರಣದ ಪ್ರಶ್ನೆಯಾಯಿತು. ಆ ಪ್ರಾಂತಗಳಲ್ಲಿ ೧೮೫೭–೫೮ರ ವೇಳೆಗೆ ಹಬ್ಬಿದ್ದ ಅಸಮಾಧಾನಕ್ಕೆ ಈ ವಿಚಾರಣೆಯೂ ಒಂದು ಕಾರಣವಾಯಿತು.

ಹಾಗಾದರೆ ಕೈಫಿಯತ್ತನ್ನು ನಂಬಬಹುದೆ? ಅದರಲ್ಲಿ ಎರಡು ಭಾಗಗಳನ್ನು ಬೇರ್ಪಡಿಸಿಕೊಳ್ಳಬೇಕು. ಕಾಡಿನಲ್ಲಿ ಹಸುವೊಂದು ಹುತ್ತಕ್ಕೆ ಹಾಲು ಕರೆದುದು, ಅಲ್ಲಿ ದೇವರು ಕಾಣಿಸಿಕೊಂಡುದು, ಊರು ಹುಟ್ಟಿದುದು, ಇಂಥ ಕಥೆಯು ಅನೇಕ ಊರುಗಳಿಗೆ ಸಾಮಾನ್ಯವಾದುದು. ಅದು ನಂಬಿಕೆಯ ಚರಿತ್ರೆಗೆ ಸಾಧನವೇ ಹೊರತು ಅರಸರ ಕಾಲನಿರ್ಣಯಕ್ಕೆ ಸಾಧನವಲ್ಲ. ತಾತ ಮುತ್ತಾತಂದಿರ ಕಾಲದಿಂದೀಚಿನ ಪಾಳೆಯಗಾರರು, ದಂಡು ಬಂದು ಊರು ಹಾಳಾದುದು, ಕೆರೆ ಒಡೆದುದು, ಒಕ್ಕಲು ವಲಸೆ ಹೋದುದು, ಇವು ಬೇರೆ ಬಗೆಯವು. ಶಾಸನವೂ ಅರಮನೆಯ ಬಖೈರೂ ಹೇಳದಿರುವ ಸಾಮಾನ್ಯ ಜನರ ಕಷ್ಟಸುಖಗಳು ಇಲ್ಲಿಯೇ ದೊರೆಯುತ್ತವೆ.

ಕಾಲಗಣನೆಯಲ್ಲಿ ಮಾತ್ರ ವಿಶೇಷ ಎಚ್ಚರಿಕೆ ಬೇಕು. ಜನರ ನೆನಪಿನಲ್ಲಿ ನಿಲ್ಲುವುದು ಸಂವತ್ಸರದ ಹೆಸರು. ಅದು ಅರುವತ್ತು ವರ್ಷಗಳಿಗೊಮ್ಮೆ ತಿರುಗಿ ಬರುತ್ತದೆ. ಶ್ರೀರಂಗಪಟ್ಟಣವು ಬಿದ್ದುದು ಸಿದ್ಧಾರ್ಥಿ ಸಂವತ್ಸರದಲ್ಲಿ. ೧೭೩೯ರಲ್ಲಿ ಬಂದುದೂ ಸಿದ್ಧಾರ್ಥಿಯೇ, ೧೮೫೯ರಲ್ಲಿ ಬಂದುದೂ ಅದೇ. ಶಕವರ್ಷವು ಮರೆತುಹೋಗಿ ಸಂವತ್ಸರವೊಂದೇ ಉಳಿದ ಕಡೆಯಲ್ಲಿ ಒಂದು ಆವೃತ್ತಿಯ ಸಂಗತಿಯು ಇನ್ನೊಂದಕ್ಕೆ ಸುಲಭವಾಗಿ ಸೇರಿಹೋಗುವುದು. ಬಿ. ಎಲ್. ರೈಸ್ ಅವರು ೧೮೮೬ರಲ್ಲಿ ಪ್ರಕಟಿಸಲಾರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಶಾಸನಗಳೊಡನೆ ಹೋಲಿಸಿ ನೋಡಿದರೆ ಇಂಥ ತಪ್ಪುಗಳನ್ನು ತಿದ್ದಿಕೊಳ್ಳಲು ಸಾಧ್ಯ.

ಪ್ರಶ್ನೆಯೊಂದು ಉತ್ತರ ಹೇಳಿದವನನ್ನೇ ಚರಿತ್ರಕಾರನನ್ನಾಗಿ ಮಾಡಿದ ನಿದರ್ಶನವೂ ಉಂಟು. ಚಾಮರಾಜನಗರದ ಸಮೀಪದ ಮಲೆಯೂರು ಕನಕಗಿರಿಯ ಜೈನ ಪಂಡಿತ ದೇವಚಂದ್ರನಿಗೆ ೧೮೦೪ರಲ್ಲಿ ಮೆಕೆಂಜಿಯ ಸಂಪರ್ಕವಾಯಿತು. ಸ್ಥಳದ ಪೂರ್ವವೃತ್ತಾಂತವನ್ನು ಬರೆದು ಕೊಡಲು ಆಗ ತೊಡಗಿದ ಅವನ ಕಾರ್ಯವು ಕೊನೆಗೆ ‘ರಾಜಾವಳೀಕಥೆ’ ಎಂಬ ದೊಡ್ಡ ಗ್ರಂಥವಾಗಿ, ಮೂವತ್ತಕ್ಕೂ ಹೆಚ್ಚು ವರ್ಷಗಳ ತರುವಾಯ ಮುಗಿಯಿತು.

ಇಂದು ಕಚೇರಿಯಲ್ಲಿ ‘ಹೇಳಿಕೆ’ ‘ವರದಿ’ಗಳು ಈ ಶಬ್ದದ ಸ್ಥಾನವನ್ನು ಆಕ್ರಮಿಸಿವೆ. ವಂಶಪಾರಂಪರ್ಯದ ಶಾನುಭೋಗಿಕೆಯೂ ೧೯೬೧ರ ಕಾಯಿದೆಯಿಂದ ಕೊನೆಗಂಡಿತು. ಆ ಮನೆಗಳ ಅಟ್ಟದ ಮೇಲಣ ಕಡತಗಳನ್ನು ಕೇಳುವವರಿಲ್ಲ. ಅವುಗಳಲ್ಲಿ ಉಳಿದಿರುವಷ್ಟನ್ನಾದರೂ ಇಳಿಸಿ, ಧೂಳು ಕೊಡವಿ, ಓದಬಲ್ಲವರಿಗೆ ತೋರಿಸುವುದು ಆಯಾ ಮನೆಯವರ ಕರ್ತವ್ಯವಾಗಿದೆ. ತಮ್ಮ ಊರಿನ ಕೈಫಿಯತ್ತು ಅಚ್ಚಾಗಿದ್ದರೆ ಅದನ್ನು ಊರ ಶಾಸನದೊಡನೆ ಇಟ್ಟು ಓದುವವರು, ಹೇಳಿದವನ ಮಾತಿನೊಡನೆ ಕೇಳಿದವನ ಉದ್ದೇಶವನ್ನೂ ನೆನಪಿನಲ್ಲಿಡತಕ್ಕದ್ದು. ಹಾಗೆ ಓದಿದಾಗ, ಇನ್ನೂರು ವರ್ಷಗಳ ಹಿಂದೆ ಚಾವಡಿಯಲ್ಲಿ ಕುಳಿತು, ಅಳುಕುತ್ತಲೇ ತನ್ನ ಊರಿನ ಕಥೆಯನ್ನು ಬರೆಯಿಸಿದ ಗ್ರಾಮಸ್ಥನಿಗೆ ನ್ಯಾಯವು ದೊರೆತಂತಾಗುವುದು.