ಟ್ರಂಕಿನಲ್ಲಿದ್ದ ದೆವ್ವಗಳು ಮತ್ತು ಚಿತ್ತಪ್ರಸಾದರ ಮಸಿ

ಈ ಸಲ ಊರಿಗೆ ಹೋದಾಗ ಅಮ್ಮ ಅಟ್ಟದ ಮೇಲಿನ ಟ್ರಂಕ್ ಇಳಿಸಿಸಿ, "ನಿನ್ನ ದೆವ್ವಗಳನ್ನೆಲ್ಲ ಪುಣೆಗೇ ತಗೊಂಡು ಹೋಗಪ್ಪಾ, ಇಲ್ಲಿ ಗೆದ್ದಲು ಹಿಡೀತಿದೆ" ಅಂದರು. ವಿಡಿಯೋದಲ್ಲಿ ತೋರಿಸಿದ್ದು ಅವನ್ನೇ. ಕಾಲೇಜು ದಿನಗಳಲ್ಲಿ ನಿಬ್ಬು, ಕಪ್ಪು ಇಂಕು ಹಿಡಿದು ಬರೆದ ಚಿತ್ರಗಳು. ಹುಣಸೆಮರದ ಮೋಹಿನಿ, ಕೊಳ್ಳಿದೆವ್ವ, ಬಾಗಿಲ ಮೇಲಿನ 'ನಾಳೆ ಬಾ' ಓದುತ್ತಾ ನಿಂತ ಹೆಣ್ಣುದೆವ್ವ. ಕಥೆಗಳ ಜೊತೆ ಕೆಲವು ಅಚ್ಚೂ ಆಗಿದ್ದವು.

ಈಗ ನೋಡಿದರೆ ನನ್ನ ದೆವ್ವಗಳಿಗೆಲ್ಲ ಒಂದೇ ಮೈಕಟ್ಟು. ಎದ್ದು ಕಾಣೋ ಪಕ್ಕೆಲುಬು, ಗುಳಿಬಿದ್ದ ಕಣ್ಣು, ಕಡ್ಡಿಯಂಥ ಕೈಕಾಲು, ಊದಿದ ಹೊಟ್ಟೆ. ಎಲ್ಲ ನನ್ನ ಕಲ್ಪನೆ ಅಂತ ಹೆಮ್ಮೆ ಬೇರೆ! ಆಮೇಲೆ ಮುಂಬೈಯಲ್ಲಿ ಕೆಲಸಕ್ಕಿದ್ದಾಗ ಚಿತ್ತಪ್ರಸಾದರ 'ಹಂಗ್ರಿ ಬೆಂಗಾಲ್' ಮರುಮುದ್ರಣ ಕೈಗೆ ಸಿಕ್ತು. ಪುಟ ತಿರುಗಿಸಿದರೆ ಅದೇ ಪಕ್ಕೆಲುಬು, ಅದೇ ಕಣ್ಣು. ಆದರೆ ಇವರು ಇದ್ದ ಮನುಷ್ಯರು. ಎಷ್ಟೋ ಚಿತ್ರಗಳ ಜೊತೆ ಅವರ ಹೆಸರು, ಊರು ಬರೆದಿಟ್ಟಿದ್ದರು.

1943ರ ಬಂಗಾಳದ ಬರಗಾಲ ಅಂತೀವಲ್ಲ, ಅದಕ್ಕೆ ಮಳೆ ಕೈಕೊಟ್ಟದ್ದೊಂದೇ ಕಾರಣ ಅಂದುಕೊಂಡರೆ ತಪ್ಪು. 1942ರಲ್ಲಿ ಜಪಾನ್ ಬರ್ಮಾ ಹಿಡಿದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದು ಅಂತ ಕರಾವಳಿಯಲ್ಲಿದ್ದ ಅಕ್ಕಿಯನ್ನೂ ದೊಡ್ಡ ದೋಣಿಗಳನ್ನೂ ಸರ್ಕಾರವೇ ತೆಗೆದುಹಾಕಿತು. ದೋಣಿ ಹೋದರೆ ಮೀನೂ ಇಲ್ಲ, ಸಂತೆಯೂ ಇಲ್ಲ. ಅದೇ ಅಕ್ಟೋಬರಿನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಜೊತೆಗೆ ಯುದ್ಧಕಾಲದ ಬೆಲೆಯೇರಿಕೆ, ದಾಸ್ತಾನುಕೋರರು. ಸತ್ತವರು 30 ಲಕ್ಷದವರೆಗೆ ಅಂತ ಅಂದಾಜು. ಇಷ್ಟಾದರೂ ಸರ್ಕಾರ ಇದನ್ನು 'ಬರಗಾಲ' ಅಂತ ಅಧಿಕೃತವಾಗಿ ಘೋಷಿಸಲೇ ಇಲ್ಲ.

1943ರ ನವೆಂಬರಿನಲ್ಲಿ ಚಿತ್ತಪ್ರಸಾದ್ ಭಟ್ಟಾಚಾರ್ಯ ಅದೇ ಮಿಡ್ನಾಪುರ ಜಿಲ್ಲೆ ಸುತ್ತಿದರು. ವಯಸ್ಸು 28. ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗೆ ಚಿತ್ರ, ವರದಿ ಎರಡೂ ಅವರದೇ. (ಜಾತಿ ಸೂಚಿಸುವ ಹೆಸರು ಬೇಡ ಅಂತ ಬರೀ 'ಚಿತ್ತಪ್ರಸಾದ್' ಎಂದೇ ಉಳಿದರು.) ಆ ಪ್ರವಾಸವೇ ಪುಸ್ತಕವಾಯಿತು. ಸುಮಾರು 5,000 ಪ್ರತಿಗಳನ್ನು ಬ್ರಿಟಿಷರು ಜಪ್ತಿ ಮಾಡಿ ನಾಶಮಾಡಿದರು. ಮನೆಯವರ ಹತ್ತಿರ ಉಳಿದ ಒಂದು ಪ್ರತಿಯಿಂದಲೇ 2011ರಲ್ಲಿ ಮರುಮುದ್ರಣ ಬಂದದ್ದು.

ಅದೇ ಹೊತ್ತಿಗೆ ಕಲ್ಕತ್ತದ ಬೀದಿಗಳಲ್ಲಿ ಜೈನುಲ್ ಅಬೆದಿನ್ ಅಗ್ಗದ ಪ್ಯಾಕಿಂಗ್ ಕಾಗದದ ಮೇಲೆ ಕುಂಚದಿಂದ ಬರೀತಿದ್ದರು. ಅವರ ಕಾಗೆಗಳನ್ನು ನೋಡಬೇಕು ನೀವು. ನನ್ನ ಕೈಲಿ ಆಗದ ಮಾತು. ನಾನು ಕತ್ತಲೆ ತೋರಿಸೋಕೆ ಪುಟವೆಲ್ಲ ಗೀಚಿ ಗೀಚಿ ಕಪ್ಪು ಮಾಡ್ತಿದ್ದೆ. ಅವರಿಗೆ ಖಾಲಿ ಕಾಗದ, ನಾಲ್ಕು ದಪ್ಪ ಗೆರೆ ಸಾಕಾಗಿತ್ತು.

ಚಿತ್ತಪ್ರಸಾದ್ 1946ರಲ್ಲಿ ಮುಂಬೈಗೆ ಬಂದರು. ನಂತರ ಪಕ್ಷದಿಂದ ದೂರವಾಗಿ ಅಂಧೇರಿಯಲ್ಲೇ ಬಡತನದಲ್ಲಿ ಬದುಕಿದರು. ಲಿನೋಕಟ್ ಮಾಡಿದರು, ಬೊಂಬೆಯಾಟ ಆಡಿಸಿದರು. ದುಡಿಯುವ ಮಕ್ಕಳನ್ನು ಕುರಿತ ಅವರ ಲಿನೋಕಟ್ ಮಾಲೆಯನ್ನು 1969ರಲ್ಲಿ ಡೆನ್ಮಾರ್ಕಿನ ಯುನಿಸೆಫ್ ಸಮಿತಿ ಪ್ರಕಟಿಸಿತು. ತೀರಿಕೊಂಡದ್ದು 1978ರಲ್ಲಿ, ಕಲ್ಕತ್ತದಲ್ಲಿ. ಅದೇ ಮುಂಬೈಯಲ್ಲಿ ಆಗ ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರೂ ಗೆರೆಗಳಿಂದಲೇ ಹೆಸರಾಗಿದ್ದರು. ಹೆಬ್ಬಾರರ ಗೆರೆ ಕುಣಿಯುತ್ತೆ, ಚಿತ್ತಪ್ರಸಾದರದ್ದು ಕುಕ್ಕರುಗಾಲಲ್ಲಿ ಕೂತು ನಮ್ಮನ್ನೇ ನೋಡುತ್ತೆ. ನಾನು ಅಂಧೇರಿಯ ಆಫೀಸಿಗೆ ಎರಡು ವರ್ಷ ಓಡಾಡಿದೆ, ಆ ಮನುಷ್ಯ ಅಲ್ಲೇ ಇದ್ದರು ಅಂತ ಒಂದು ದಿನವೂ ಗೊತ್ತಿರಲಿಲ್ಲ.

ಟ್ರಂಕಿನ ಎಲ್ಲ ಚಿತ್ರ ತೋರಿಸಿದೆ ಅಂದೆನಲ್ಲ, ಒಂದನ್ನು ತೋರಿಸಲಿಲ್ಲ. ಹೊಟ್ಟೆ ಊದಿದ ಮಗುದೆವ್ವ, ಕೈಯಲ್ಲಿ ಖಾಲಿ ತಟ್ಟೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಹಾಸ್ಟೆಲ್ ಹುಡುಗರನ್ನು ನಗಿಸೋಕೆ ಬರೆದದ್ದು. ಅವರು ನಕ್ಕಿದ್ದರು ಕೂಡ.