ಆಕಾಶದ ಪಾಠವೂ ಅಂಗಳದ ಗುರುವೂ



ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಹೊರಡುತ್ತಿರುವ ಈ ಸ್ಮರಣಸಂಪುಟಕ್ಕೆ ವಿದ್ಯಾವಿಷಯಕವಾದ ಒಂದು ಚಾರಿತ್ರಿಕ ಲೇಖನವನ್ನು ಬರೆದುಕೊಡಬೇಕೆಂದು ಪರಮಪೂಜ್ಯ ಶ್ರೀಗಳವರು ಅಪ್ಪಣೆ ಕೊಡಿಸಿದರು. ಅದೇ ದಿನಗಳಲ್ಲಿ ಮಠದ ಸದ್ಭಕ್ತರಲ್ಲಿ ಒಂದು ವಾದವೆದ್ದಿತ್ತು. ಸಕಲ ವಿಷಯಗಳ ಪಾಠಗಳೂ ಈಗ ಅಂತರ್ಜಾಲದ ಮೂಲಕ ಅಂಗೈಯಲ್ಲಿಯೇ ದೊರೆಯುತ್ತಿರಲಾಗಿ, ಪಾಠಶಾಲೆಯನ್ನೂ ಅದರ ಅಧ್ಯಾಪಕರನ್ನೂ ಪೋಷಿಸುವ ವೆಚ್ಚವನ್ನು ಯಂತ್ರಗಳಿಗೇಕೆ ವಿನಿಯೋಗಿಸಬಾರದೆಂದು ಕೆಲವರು ಕೇಳಿದರು. ಈ ಯಂತ್ರಗಳಿಂದ ಮಕ್ಕಳ ಚಿತ್ತಚಾಂಚಲ್ಯವೇ ಹೆಚ್ಚುವುದರಿಂದ ಅವು ಮಠದ ಹೊಸ್ತಿಲನ್ನೇ ದಾಟಕೂಡದೆಂದು ಮತ್ತೆ ಕೆಲವರು ಹೇಳಿದರು. ಉಭಯ ಪಕ್ಷದವರೂ ಮಠದ ಹಿತವನ್ನೇ ಬಯಸುವವರು. ಆದರೆ ಈ ಪ್ರಶ್ನೆಯು ಇಂದು ಹುಟ್ಟಿದುದಲ್ಲ. ಸುಮಾರು ಐವತ್ತು ವರ್ಷಗಳ ಹಿಂದೆ ನಮ್ಮ ಶರಣರ ನಾಡಿನ ಹಳ್ಳಿಗಳಲ್ಲಿಯೇ ಇದರ ಪರೀಕ್ಷೆಯು ನಡೆದಿರುವುದು. ಆ ಚರಿತ್ರೆಯನ್ನು ಅರಿತ ಮೇಲೆ ನಿರ್ಣಯವು ಸುಲಭವಾಗುವುದೆಂದು ನಂಬಿ, ಯಥಾಮತಿಯಾಗಿ ನಾಲ್ಕು ಮಾತುಗಳನ್ನು ಇಲ್ಲಿ ನಿವೇದಿಸುತ್ತೇನೆ.

ಓಲೆಗರಿ, ಅಚ್ಚು, ಗೋಷ್ಠಿ

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ನಮ್ಮ ಪೂರ್ವಿಕರ ವಿದ್ಯೆಯು ಉಪಕರಣವಿಲ್ಲದ ವಿದ್ಯೆಯಾಗಿತ್ತೆಂದು ತಿಳಿಯುವುದು ಸರಿಯಲ್ಲ. ಓಲೆಗರಿಯೂ ಕಂಠವೂ ಉಪಕರಣಗಳೇ. ಹನ್ನೆರಡನೆಯ ಶತಮಾನದ ಶರಣರ ಮಾತುಗಳು ಶತಮಾನಗಳ ಪರ್ಯಂತ ಮಠಗಳ ಗೂಡುಗಳಲ್ಲಿಯೂ ಭಕ್ತರ ಮನೆಯ ಜಗುಲಿಗಳಲ್ಲಿಯೂ ಓಲೆಯ ಕಟ್ಟುಗಳಾಗಿ ಉಳಿದು ಬಂದುವು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಅರಸಿ ಕೂಡಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಅಚ್ಚುಹಾಕಿಸಿದರು. ೧೯೨೫ರಲ್ಲಿ ಸ್ವತಃ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ೧೯೨೬ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಯಿಸಿದರು. ಅಚ್ಚಿನ ಯಂತ್ರವು ಪರದೇಶದಿಂದ ಬಂದುದೆಂದು ಅವರು ಅದನ್ನು ದೂರವಿಡಲಿಲ್ಲ. ಆದರೆ ಅಚ್ಚಾದ ಪುಸ್ತಕವು ಕಪಾಟಿನಲ್ಲಿಯೇ ಕುಳಿತಿದ್ದರೆ ಏನಾಗುತ್ತಿತ್ತು? ಮಠಮಠಗಳಲ್ಲಿ ಶಿವಾನುಭವಗೋಷ್ಠಿಗಳು ನೆರೆದು, ಒಬ್ಬರು ಓದಿ, ಒಬ್ಬರು ಅರ್ಥ ಹೇಳಿ, ಮತ್ತೊಬ್ಬರು ಸಂದೇಹವನ್ನೆತ್ತಿದಾಗಲೇ ಆ ಅಕ್ಷರಗಳು ಅನುಭವವಾದುವು.

ವಿದ್ಯಾಪ್ರಸಾರದಲ್ಲಿಯೂ ಮಠಗಳು ಹಿಡಿದುದು ಈ ಮಾರ್ಗವನ್ನೇ. ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರು ೧೯೦೪ರಲ್ಲಿ ವೀರಶೈವ ಮಹಾಸಭೆಯನ್ನೂ ೧೯೦೯ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದುದು, ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಜನ ತ್ಯಾಗಿಗಳು ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದುದು, ನಾಡಿನ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದುದು ಸರ್ವರಿಗೂ ವಿದಿತವಾದ ಸಂಗತಿಗಳು. ಪ್ರಸಾದನಿಲಯವೆಂದರೇನು? ಶಾಲೆಯು ಪೇಟೆಯಲ್ಲಿದೆ, ಹುಡುಗನು ಹಳ್ಳಿಯಲ್ಲಿದ್ದಾನೆ. ಈ ಎರಡರ ನಡುವಣ ಅಂತರವನ್ನು ಅನ್ನದಿಂದಲೂ ಆಶ್ರಯದಿಂದಲೂ ತುಂಬಿದುದೇ ಪ್ರಸಾದನಿಲಯ. ಹುಡುಗನನ್ನು ಪಾಠವಿದ್ದೆಡೆಗೆ ಕರೆತರುವುದು ಮಠಗಳ ಉಪಾಯವಾಗಿತ್ತು. ಪಾಠವನ್ನೇ ಹುಡುಗನಿದ್ದೆಡೆಗೆ ಒಯ್ಯುವುದು ವಿಜ್ಞಾನಿಗಳ ಉಪಾಯವಾಯಿತು. ಎರಡೂ ಒಂದೇ ಕೊರತೆಗೆ ಹುಡುಕಿದ ಪರಿಹಾರಗಳು.

ಈ ಎರಡನೆಯ ಉಪಾಯದ ಬೀಜವು ಕನ್ನಡ ನಾಡಿನಲ್ಲಿ ಬಿದ್ದುದು ಒಬ್ಬ ಅಧ್ಯಾಪಕರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ರೇಡಿಯೋ ಕೇಂದ್ರವನ್ನು ನಡೆಯಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮುಂದೆ ಭಾರತಕ್ಕೆಲ್ಲ ಸಂದುದು ಆ ಕೇಂದ್ರದಿಂದಲೇ.

೧೯೭೫ನೆಯ ಇಸವಿಯ ಪ್ರಯೋಗ

ಸ್ವಾತಂತ್ರ್ಯಾನಂತರ ಡಾ|| ವಿಕ್ರಮ ಸಾರಾಭಾಯಿಯವರು ಒಂದು ಧೀರವಾದ ಕಲ್ಪನೆಯನ್ನು ಮಾಡಿದರು. ಹಳ್ಳಿಹಳ್ಳಿಗೂ ಒಳ್ಳೆಯ ಶಾಲೆಯೂ ನುರಿತ ಅಧ್ಯಾಪಕರೂ ದೊರೆಯುವುದಕ್ಕೆ ಬಹುಕಾಲ ಬೇಕು. ಅಲ್ಲಿಯ ತನಕ ಆಕಾಶದಿಂದಲೇ ಪಾಠವನ್ನು ಇಳಿಸಬಾರದೇಕೆ ಎಂಬುದೇ ಆ ಕಲ್ಪನೆ. ಇದರ ಫಲವಾಗಿ ೧೯೬೯ರ ಸೆಪ್ಟೆಂಬರದಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ಅಮೇರಿಕೆಯ ‘ನಾಸಾ’ ಸಂಸ್ಥೆಗೂ ಒಡಂಬಡಿಕೆಯಾಯಿತು. ಸಾರಾಭಾಯಿಯವರು ೧೯೭೧ರ ಡಿಸೆಂಬರದಲ್ಲಿ ದಿವಂಗತರಾದರು. ತಾವು ಕಂಡ ಕನಸು ಫಲಿಸಿದುದನ್ನು ನೋಡಲು ಅವರು ಉಳಿಯಲಿಲ್ಲ. ಅಮೇರಿಕೆಯವರು ೧೯೭೪ರ ಮೇ ೩೦ರಂದು ಹಾರಿಸಿದ ‘ಎ. ಟಿ. ಎಸ್.–೬’ ಎಂಬ ಉಪಗ್ರಹವು ಮರುವರ್ಷ ಪೂರ್ವ ಆಫ್ರಿಕದ ಮೇಲಣ ಆಕಾಶಕ್ಕೆ ಸರಿದು ನಿಂತಿತು. ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ ಭೂಮಿಯ ಗತಿಗೆ ಸಮನಾಗಿಯೇ ಸುತ್ತುವ ಕಾರಣ ಅಂಥ ಉಪಗ್ರಹವು ಕೆಳಗಿನವರಿಗೆ ನಿಂತಲ್ಲಿಯೇ ನಿಂತಂತೆ ತೋರುವುದು. ಅಹಮದಾಬಾದಿನಿಂದ ಕಳುಹಿದ ಚಿತ್ರವನ್ನೂ ಧ್ವನಿಯನ್ನೂ ಅದು ಪಡೆದು ಭಾರತದ ಹಳ್ಳಿಗಳ ಮೇಲೆ ಮರಳಿ ಸುರಿಸುತ್ತಿತ್ತು.

೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರ ವರೆಗೆ, ಸರಿಯಾಗಿ ಒಂದು ವರ್ಷ, ಈ ಪ್ರಯೋಗವು ನಡೆಯಿತು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ‘ಸೈಟ್’ ಎಂದು ಕರೆದರು. ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳು ಇದಕ್ಕಾಗಿ ಆಯ್ಕೆಗೊಂಡುವು. ಕರ್ನಾಟಕದಲ್ಲಿ ಆ ಭಾಗ್ಯವು ಬೆಂಗಳೂರು ಮೈಸೂರುಗಳಿಗೆ ಬರಲಿಲ್ಲ. ವಿಜಾಪುರ, ಗುಲ್ಬರ್ಗಾ, ರಾಯಚೂರು ಎಂಬ ಮೂರು ಜಿಲ್ಲೆಗಳಿಗೆ ಬಂದಿತು. ಬಸವಣ್ಣನವರ ಬಾಗೇವಾಡಿಯೂ ಕೂಡಲಸಂಗಮವೂ ಅಂದಿನ ವಿಜಾಪುರ ಜಿಲ್ಲೆಯಲ್ಲಿದ್ದುವು. ಗುಲ್ಬರ್ಗೆಯು ಶರಣಬಸವೇಶ್ವರರ ದಾಸೋಹದಿಂದ ಪ್ರಸಿದ್ಧವಾದುದು. ಜನಭಾಷೆಯಲ್ಲಿ ಜ್ಞಾನವನ್ನು ಹಂಚಿದ ಮಹಾನುಭಾವರ ನೆಲದಲ್ಲಿಯೇ ಆಕಾಶದ ಪಾಠವೂ ಮೊದಲು ಇಳಿದುದು ಕೇವಲ ಯೋಗಾಯೋಗವಿರಬಹುದು, ಆದರೂ ಸ್ಮರಣೀಯವಾದುದು.

ಶಾಲೆಯ ಅಥವಾ ಪಂಚಾಯತಿಯ ಕಟ್ಟಡದಲ್ಲಿ ಒಂದು ದೂರದರ್ಶನದ ಪೆಟ್ಟಿಗೆ. ಹೊರಗೆ ಸುಮಾರು ಹತ್ತು ಅಡಿ ಅಗಲದ, ತಂತಿಯ ಬಲೆಯಿಂದ ಮಾಡಿದ ಬೋಗುಣಿಯಾಕಾರದ ಗ್ರಾಹಕ. ವಿದ್ಯುಚ್ಛಕ್ತಿಯಿಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಯ ಆಧಾರ. ಇಷ್ಟೇ ಪರಿಕರ. ಪ್ರತಿದಿನ ಬೆಳಿಗ್ಗೆ ಐದರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ಒಂದೂವರೆ ಗಂಟೆಯ ಪಾಠಗಳಿದ್ದುವು. ಅದನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡಗಳೆಂಬ ನಾಲ್ಕು ಭಾಷೆಗಳು ಹಂಚಿಕೊಳ್ಳಬೇಕಾದುದರಿಂದ ಕನ್ನಡದ ಮಕ್ಕಳಿಗೆ ದಿನಕ್ಕೆ ದೊರೆತುದು ಇಪ್ಪತ್ತೆರಡೂವರೆ ನಿಮಿಷ ಮಾತ್ರ. ಸಾಯಂಕಾಲ ಹಿರಿಯರಿಗೆ ಒಕ್ಕಲುತನ, ಆರೋಗ್ಯ ಮೊದಲಾದ ವಿಷಯಗಳನ್ನು ಕುರಿತ ಕಾರ್ಯಕ್ರಮಗಳಾಗುತ್ತಿದ್ದುವು.

ಪ್ರಯೋಗದ ಫಲ

ಈ ಪ್ರಯೋಗದ ದೊಡ್ಡ ಗುಣವೇನೆಂದರೆ, ಅದನ್ನು ನಡೆಯಿಸಿದವರೇ ಅದರ ಲೋಪದೋಷಗಳನ್ನು ಪರೀಕ್ಷಿಸಿದರು. ಸಂಶೋಧಕರು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ವಾಸವಾಗಿದ್ದು ಜನರ ನಡೆನುಡಿಗಳನ್ನು ಕಂಡು ಬರೆದರು. ಅವರಿಗೆ ತಿಳಿದುಬಂದುದನ್ನು ವಾಚಕರು ವಿಶೇಷವಾಗಿ ಲಕ್ಷಿಸಬೇಕು. ಮೊದಮೊದಲು ಪೆಟ್ಟಿಗೆಯ ಮುಂದೆ ಕಿಕ್ಕಿರಿದು ನೆರೆದ ಜನರು, ನವೀನತೆಯು ಹಳತಾದಂತೆ ಕಡಿಮೆಯಾದರು. ಶಾಲೆಗೆ ಸೇರುವ ಮಕ್ಕಳ ಸಂಖ್ಯೆಯು ಇದರಿಂದ ಹೆಚ್ಚಲಿಲ್ಲ. ನಡುವೆ ಬಿಡುವವರ ಸಂಖ್ಯೆಯು ತಗ್ಗಲಿಲ್ಲ. ದನ ಕಾಯಲು ಹೋಗಬೇಕಾದ ಹುಡುಗನನ್ನು ಚಿತ್ರವು ಬಿಡಿಸಿ ತರಲಾರದಷ್ಟೆ! ಆದರೆ ನೋಡಿದ ಮಕ್ಕಳ ಭಾಷೆಯು ಸುಧಾರಿಸಿತು. ಹೊಸದನ್ನು ತಿಳಿಯುವ ಆಸೆಯು ಬಲಿಯಿತು. ಹಿರಿಯರಲ್ಲಿಯೂ ಅಕ್ಷರಸ್ಥರಿಗಿಂತ ನಿರಕ್ಷರಿಗಳೂ, ಅವರಲ್ಲಿಯೂ ಸ್ತ್ರೀಯರೂ, ಹೆಚ್ಚಿನ ಪ್ರಯೋಜನವನ್ನು ಪಡೆದರು. ಓದುಬರಹದ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆ ಈ ಕಿಟಕಿಯು ತೆರೆಯಿತೆಂದು ಹೇಳಬಹುದು. ಯಂತ್ರವನ್ನು ಹೊಸ್ತಿಲ ಹೊರಗೇ ನಿಲ್ಲಿಸಬೇಕೆನ್ನುವವರು ಈ ಒಂದು ಸಂಗತಿಯನ್ನು ಮರೆಯಬಾರದು.

ಇವೆಲ್ಲಕ್ಕಿಂತಲೂ ಬೋಧಪ್ರದವಾದುದು ಅಧ್ಯಾಪಕರ ಶಿಕ್ಷಣದ ಭಾಗವು. ಆ ಒಂದು ವರ್ಷದ ರಜೆಯ ದಿನಗಳಲ್ಲಿ, ಎರಡು ತಂಡಗಳಲ್ಲಿ, ಸುಮಾರು ೫೦,೦೦೦ ಪ್ರಾಥಮಿಕ ಶಾಲೆಯ ಅಧ್ಯಾಪಕರಿಗೆ ವಿಜ್ಞಾನ ಬೋಧನೆಯ ಕ್ರಮವನ್ನು ಕಲಿಸಲಾಯಿತು. ಹನ್ನೆರಡು ದಿನಗಳ ಆ ಶಿಬಿರಗಳಲ್ಲಿ ಅಧ್ಯಾಪಕರು ಬರಿದೆ ಪೆಟ್ಟಿಗೆಯನ್ನು ನೋಡುತ್ತ ಕೂಡಲಿಲ್ಲ. ದೂರದರ್ಶನದಲ್ಲಿ ಕಂಡುದನ್ನು ಸುಲಭವಾಗಿ ಸಿಕ್ಕುವ ಸಾಮಗ್ರಿಗಳಿಂದ ಕೈಯಾರೆ ಮಾಡಿ ನೋಡಿದರು. ರೇಡಿಯೋ ಪಾಠವನ್ನು ಕೇಳಿದರು. ಅಚ್ಚಾದ ಪುಸ್ತಕವನ್ನು ಓದಿದರು. ಸ್ಥಳದಲ್ಲಿಯೇ ಇದ್ದ ಒಬ್ಬ ಮಾರ್ಗದರ್ಶಕನೊಡನೆ ಚರ್ಚಿಸಿ ಸಂದೇಹಗಳನ್ನು ಪರಿಹರಿಸಿಕೊಂಡರು. ಹೀಗೆ ಆಕಾಶದ ಪಾಠಕ್ಕೆ ಕೈಕೆಲಸವೂ ಪುಸ್ತಕವೂ ಗೋಷ್ಠಿಯೂ ಗುರುವೂ ಕೂಡಿಬಂದಲ್ಲಿ ಅದು ಅರಿವಾಗಿ ನಿಂತಿತು. ಇವು ಕೂಡಿಬಾರದ ಕಡೆಯಲ್ಲಿ ಅದು ಸಾಯಂಕಾಲದ ವಿನೋದವಾಗಿ ಕಳೆಯಿತು.

ವರ್ಷವು ಮುಗಿಯಲು ಅಮೇರಿಕೆಯವರು ತಮ್ಮ ಉಪಗ್ರಹವನ್ನು ಪಶ್ಚಿಮಕ್ಕೆ ತಿರುಗಿಸಿಕೊಂಡರು. ಎರವಿನ ಒಡವೆಯು ಮದುವೆಯ ಮರುದಿನ ಒಡೆಯನ ಮನೆಗೆ ಹೋಗುವುದು ಸಹಜವೇ ಸರಿ. ಆದರೂ ಸವಿಯನ್ನು ಕಂಡ ಜನರ ಅಪೇಕ್ಷೆಯು ನಿಲ್ಲಲಿಲ್ಲ. ೧೯೭೭ರಲ್ಲಿ ಗುಲ್ಬರ್ಗೆಯಲ್ಲಿ ನೆಲದ ಮೇಲಣ ದೂರದರ್ಶನ ಪ್ರಸಾರ ಕೇಂದ್ರವು ಸ್ಥಾಪಿತವಾಯಿತು. ರಾಜಧಾನಿಯಾದ ಬೆಂಗಳೂರಿನ ಕೇಂದ್ರವು ಆರಂಭವಾದುದು ೧೯೮೧ರ ನವೆಂಬರ ೧ರಂದು.

ಅನಂತರದ ಯತ್ನಗಳು

ಮುಂದೆ ಭಾರತೀಯರು ತಮ್ಮದೇ ಉಪಗ್ರಹಗಳನ್ನು ಕಟ್ಟಿದರು. ಕೇವಲ ವಿದ್ಯಾಪ್ರಸಾರಕ್ಕೆಂದೇ ಮೀಸಲಾದ ‘ಎಜುಸ್ಯಾಟ್’ ಎಂಬುದು ೨೦೦೪ರ ಸೆಪ್ಟೆಂಬರ ೨೦ರಂದು ಶ್ರೀಹರಿಕೋಟೆಯಿಂದ ಹಾರಿತು. ಈ ಸಾರೆ ಕನ್ನಡ ಶಾಲೆಗಳಲ್ಲಿ ಪ್ರಯೋಗಕ್ಕೆ ಆಯ್ದುಕೊಂಡುದು ಮಾದಪ್ಪನ ಬೆಟ್ಟಗಳ ನಾಡಾದ ಚಾಮರಾಜನಗರ ಜಿಲ್ಲೆಯನ್ನು. ಆ ಉಪಗ್ರಹದ ಆಯುಸ್ಸು ೨೦೧೦ರಲ್ಲಿ ತೀರಿತು. ಅನಂತರ ಅಂತರ್ಜಾಲದ ಯುಗವು ವಿಸ್ತರಿಸಿತು. ೨೦೧೭ರಲ್ಲಿ ಕೇಂದ್ರ ಸರಕಾರದವರು ಕಾಲೇಜಿನವರಿಗಾಗಿ ‘ಸ್ವಯಂ’ ಎಂಬುದನ್ನೂ, ಶಾಲೆಯವರಿಗಾಗಿ ‘ದೀಕ್ಷಾ’ ಎಂಬುದನ್ನೂ ತೆರೆದರು. ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾದ ಚೌಕಾಕಾರದ ಗುರುತನ್ನು ಮೊಬೈಲಿಗೆ ತೋರಿಸಿದೊಡನೆ ಆ ಪಾಠದ ಚಿತ್ರವೂ ವಿವರಣೆಯೂ ಬರುವ ವ್ಯವಸ್ಥೆಯು ಇಂದು ಕನ್ನಡದಲ್ಲಿಯೂ ಇರುವುದು.

೨೦೨೦ರ ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳೆಲ್ಲ ಮುಚ್ಚಿದಾಗ, ಆವರೆಗೆ ಸಹಾಯಕವಾಗಿದ್ದುದೇ ಏಕಮಾತ್ರ ಆಧಾರವಾಯಿತು. ನಮ್ಮ ಪಾಠಶಾಲೆಯ ವಟುಗಳೂ ತಂತಮ್ಮ ಊರುಗಳಿಗೆ ತೆರಳಿದರು. ಶ್ರೀಗಳವರ ಅಪ್ಪಣೆಯಂತೆ ನಾನು ಶಬ್ದಮಣಿದರ್ಪಣದ ಸಂಧಿಪ್ರಕರಣವನ್ನು ಮೊಬೈಲಿನ ಮೂಲಕ ಹೇಳಲು ಕುಳಿತೆನು. ಹನ್ನೆರಡು ಜನರಲ್ಲಿ ಐವರ ಮುಖ ಮಾತ್ರ ಕಂಡಿತು. ಒಬ್ಬನ ಮನೆಯಲ್ಲಿದ್ದ ಒಂದೇ ಮೊಬೈಲನ್ನು ತಂದೆಯು ಹೊಲಕ್ಕೆ ಒಯ್ದಿದ್ದನು. ಮತ್ತೊಬ್ಬನ ಊರಿಗೆ ತರಂಗವೇ ಎಟುಕದು. ಆ ದಿನ ನನ್ನ ಮನಸ್ಸಿಗಾದ ಖೇದವನ್ನು ಏನೆಂದು ಬರೆಯಲಿ! ಆದರೆ ಸತ್ಯವನ್ನು ಮರೆಮಾಚಬಾರದು. ಪಾಠಶಾಲೆಯಲ್ಲಿ ಎರಡನೆಯ ಸಾರೆ ಕೇಳಲು ನಾಚುತ್ತಿದ್ದ ಒಬ್ಬ ವಟುವು, ಧ್ವನಿಮುದ್ರಿತವಾದ ಅದೇ ಪಾಠವನ್ನು ಮನೆಯಲ್ಲಿ ಮೂರು ನಾಲ್ಕು ಸಲ ಕೇಳಿ, ಮರಳಿ ಬಂದಾಗ ಎಲ್ಲರಿಗಿಂತ ಚೆನ್ನಾಗಿ ಒಪ್ಪಿಸಿದನು. ಮೂವತ್ತು ವರ್ಷ ಪಾಠ ಹೇಳಿದ ನಾನು ಆ ಹುಡುಗನ ನಾಚಿಕೆಯನ್ನು ಅರಿತಿರಲಿಲ್ಲ. ಯಂತ್ರವು ಅದನ್ನು ನನಗೆ ತಿಳಿಸಿಕೊಟ್ಟಿತು.

ಅದೇ ವರ್ಷದ ಆಗಸ್ಟಿನಲ್ಲಿ ರಾಜ್ಯದ ವಿದ್ಯಾ ಇಲಾಖೆಯವರು ‘ವಿದ್ಯಾಗಮ’ವೆಂಬ ಕ್ರಮವನ್ನು ಕೈಕೊಂಡರು. ಯಾವ ಮಗುವಿನ ಮನೆಯಲ್ಲಿ ಯಾವ ಸಾಧನವಿದೆ, ಯಾವುದೂ ಇಲ್ಲದವರು ಯಾರು ಎಂಬುದನ್ನು ಮೊದಲು ಗುರುತಿಸಿ, ಅಧ್ಯಾಪಕರೇ ಮಕ್ಕಳಿದ್ದ ಓಣಿಗಳಿಗೆ ಹೋಗಿ, ಗುಡಿಯ ಅಂಗಳದಲ್ಲಿಯೂ ಮರದ ನೆಳಲಿನಲ್ಲಿಯೂ ಪಾಠ ಹೇಳಿದರು. ರೋಗಭಯದಿಂದ ಅದು ನಡುವೆ ನಿಲ್ಲಬೇಕಾಗಿ ಬಂದರೂ ಅದರ ತತ್ತ್ವವು ಯುಕ್ತವಾಗಿತ್ತು. ಆಕಾಶದ ಪಾಠವು ಎಲ್ಲಿ ಎಟುಕದೋ ಅಲ್ಲಿಗೆ ಗುರುವಿನ ಕಾಲುಗಳು ಹೋದುವು.

ನಿಷ್ಕರ್ಷೆ

ಈ ಚರಿತ್ರೆಯಿಂದ ಹೊರಡುವ ಸಾರವು ಇಷ್ಟು. ಉಪಕರಣವು ಪಾಠವನ್ನು ಮುಟ್ಟಿಸಬಲ್ಲುದು. ಮುಟ್ಟಿದುದು ಅರಿವಾಗಬೇಕಾದರೆ ಅದನ್ನು ಬರಮಾಡಿಕೊಳ್ಳುವ ಗುರುವೂ ಕೂಡಿ ಕುಳಿತುಕೊಳ್ಳುವ ಒಂದು ಅಂಗಳವೂ ಬೇಕು. ಅಷ್ಟೇ ಅಲ್ಲ, ದಾಸೋಹದ ಪಂಕ್ತಿಯಲ್ಲಿ ತಾಟು ತಂದವರಿಗೆ ಮಾತ್ರ ಪ್ರಸಾದವೆಂದು ಯಾವ ಮಠವೂ ಹೇಳಿಲ್ಲ. ಜ್ಞಾನದ ದಾಸೋಹದಲ್ಲಿಯೂ ಸಾಧನವಿದ್ದವರಿಗೆ ಮಾತ್ರ ಪಾಠವೆಂಬುದು ಸಲ್ಲದು.

ಆದಕಾರಣ ಶ್ರೀಗಳವರ ಸನ್ನಿಧಿಯಲ್ಲಿ ನನ್ನ ಬಿನ್ನಹವಿದು. ಪಾಠಶಾಲೆಯನ್ನು ಮುಚ್ಚಬಾರದು, ಅದರ ಒಂದು ಕೋಣೆಯಲ್ಲಿ ಗಣಕಯಂತ್ರಗಳನ್ನಿಟ್ಟು, ಪ್ರತಿ ಸಾಯಂಕಾಲ ಊರಿನ ಸಕಲ ಜಾತಿಮತಗಳ ಬಡಮಕ್ಕಳಿಗೆ ಉಚಿತವಾಗಿ ತೆರೆದಿಡಬೇಕು. ಅಲ್ಲಿ ಒಬ್ಬ ಅಧ್ಯಾಪಕನು ತಪ್ಪದೆ ಕುಳಿತಿರಬೇಕು. ಅರ್ಧ ಗಂಟೆ ನೋಡಿದ ಪಾಠವನ್ನು ಅರ್ಧ ಗಂಟೆ ಚರ್ಚಿಸದೆ ಮಕ್ಕಳು ಏಳಬಾರದು. ವಯೋವೃದ್ಧ ಪಂಡಿತರ ಪಾಠಗಳನ್ನು ಅವರು ಇರುವಾಗಲೇ ಕನ್ನಡದಲ್ಲಿ ಮುದ್ರಿಸಿಕೊಂಡು, ದೂರದ ಊರುಗಳಲ್ಲಿಯೂ ಪರದೇಶಗಳಲ್ಲಿಯೂ ಇರುವ ಜಿಜ್ಞಾಸುಗಳಿಗೆ ಅಂತರ್ಜಾಲದ ಮೂಲಕ ಮುಟ್ಟಿಸಬೇಕು. ಓಲೆಯಿಂದ ಅಚ್ಚಿಗೆ ಬರಲು ನಮ್ಮ ಹಿರಿಯರು ಅಂಜಲಿಲ್ಲ. ಅಚ್ಚು ಬಂದಿತೆಂದು ಗೋಷ್ಠಿಯನ್ನೂ ಬಿಡಲಿಲ್ಲ. ನಾವೂ ಹಾಗೆಯೇ ನಡೆಯುವುದು ಲೇಸು.

ಈ ಉತ್ಸವವನ್ನು ಕಂಡ ಮಠವು ಮುಂದಣ ಉತ್ಸವವನ್ನು ಕಾಣುವಾಗ, ಆ ಕೋಣೆಯಲ್ಲಿ ಕುಳಿತು ಕಲಿತ ಮಗುವೊಂದು ಇಂಥದೇ ಒಂದು ಸಂಪುಟದಲ್ಲಿ ಈ ಚರಿತ್ರೆಯನ್ನು ಮುಂದುವರಿಸಿ ಬರೆಯುವಂತಾಗಲೆಂದು ಬಸವಾದಿ ಪ್ರಮಥರನ್ನು ಪ್ರಾರ್ಥಿಸಿ ಈ ಅಲ್ಪ ಲೇಖನವನ್ನು ಮುಗಿಸುತ್ತೇನೆ.