ಗಂಜಿ ಮತ್ತು ಗಡಸು: ಕುತ್ತಿಗೆಯ ರಕ್ತನಾಳದ ಒಂದು ಚರಿತ್ರೆ

ರಕ್ತನಾಳದ ಕಾಯಿಲೆಯೆಂದರೆ ನಾವೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಪರ್ಸೆಂಟ್ ಬ್ಲಾಕ್?" ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಅದರ ಹಿಂದೆ, ಹೆಚ್ಚಾಗಿ ಯಾರೂ ಕೇಳದೆ ಉಳಿದ ಇನ್ನೊಂದು ಪ್ರಶ್ನೆಯೂ ಇದೆ: ಆ ಬ್ಲಾಕ್ ಮೆತ್ತಗಿದೆಯೋ, ಗಟ್ಟಿಯಿದೆಯೋ?

ಕುತ್ತಿಗೆಯ ಎರಡೂ ಬದಿಗಳಲ್ಲಿ ಮಿಡಿಯುವ ಕೆರೋಟಿಡ್ ನಾಳಗಳು ಮೆದುಳಿಗೆ ರಕ್ತ ಒಯ್ಯುತ್ತವೆ. ಪ್ರಾಯ ಸಂದಂತೆ ಇವುಗಳ ಒಳಗೋಡೆಯಲ್ಲಿ ಕೊಬ್ಬು, ನಾರು, ಸುಣ್ಣದಂಶ ಸೇರಿ ದಿಬ್ಬ ಬೆಳೆಯುತ್ತದೆ. ಅದೇ ಪ್ಲಾಕ್. ಪ್ಲಾಕ್ ಒಡೆದು ಅದರ ಚೂರೋ ಅದರ ಮೇಲೆ ಹೆಪ್ಪುಗಟ್ಟಿದ ರಕ್ತವೋ ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ.

ನಾಳದ ಗಡಸುತನವನ್ನು ನೋಡುವ ಯತ್ನ ಹಳೆಯದು. ಹನ್ನೊಂದನೆಯ ಶತಮಾನದಲ್ಲಿ ಇಬ್ನ್ ಸೀನಾ 'ಅಲ್ ಕಾನೂನ್' ಗ್ರಂಥದಲ್ಲಿ ನಾಡಿಯ ಹತ್ತು ಲಕ್ಷಣಗಳನ್ನು ಹೇಳಿದ್ದಾರೆ. ಬೆರಳಿಗೆ ನಾಳ ಮೃದುವೋ ಗಡಸೋ ಎಂಬುದು ಅವುಗಳಲ್ಲೊಂದು. ಬೆರಳು ಹೇಳಿದ್ದನ್ನು ಲೆಕ್ಕಕ್ಕೆ ತಂದವರು ಬಹಳ ತಡವಾಗಿ ಬಂದರು. 1878ರಲ್ಲಿ ನೆದರ್‌ಲ್ಯಾಂಡ್ಸ್‌ನ ಮೂನ್ಸ್ ಮತ್ತು ಕೋರ್ಟೆವೆಗ್ ನಾಡಿಯ ಅಲೆಯ ವೇಗಕ್ಕೂ ನಾಳದ ಬಿಗಿತಕ್ಕೂ ಇರುವ ಸಂಬಂಧವನ್ನು ಸೂತ್ರಕ್ಕಿಳಿಸಿದರು. ಗೋಡೆ ಬಿಗಿಯಾದಷ್ಟೂ ಅಲೆಯ ಓಟ ಹೆಚ್ಚು. ಈ ಮಾತು ಮುಂದೆ ಮತ್ತೆ ಬರಲಿದೆ.

ಅಷ್ಟರಲ್ಲಿ ರೋಗಕ್ಕೆ ಹೆಸರೂ ಬಂದಿತ್ತು. 1829ರಲ್ಲಿ ಸ್ಟ್ರಾಸ್‌ಬರ್ಗ್‌ನ ಲೋಬ್‌ಸ್ಟೈನ್ ಅದನ್ನು ಆರ್ಟೀರಿಯೋಸ್ಕ್ಲೆರೋಸಿಸ್, ಅಂದರೆ ನಾಳ ಗಡಸಾಗುವುದು ಎಂದು ಕರೆದರು. 1904ರಲ್ಲಿ ಜರ್ಮನಿಯ ಫೆಲಿಕ್ಸ್ ಮಾರ್ಚಂಡ್ ಅಥೆರೋಸ್ಕ್ಲೆರೋಸಿಸ್ ಎಂಬ ಪದ ಕೊಟ್ಟರು. ಗ್ರೀಕ್ ಭಾಷೆಯ 'ಅಥೆರೆ' ಎಂದರೆ ಗಂಜಿ. ಪ್ಲಾಕ್ ಸೀಳಿದಾಗ ಒಳಗೆ ಕಂಡ ಕೊಬ್ಬಿನ ಮುದ್ದೆ ಗಂಜಿಯಂತೆಯೇ ಇತ್ತು. ಗಂಜಿ ಮತ್ತು ಗಡಸು ಒಂದೇ ಪದದಲ್ಲಿ ಜೊತೆಯಾಗಿ ಕುಳಿತವು. ಆದರೆ ಜನರ ಬಾಯಲ್ಲಿ ಉಳಿದದ್ದು ಗಡಸು ಮಾತ್ರ. ಗಟ್ಟಿಯಾದ ನಾಳ ಕೆಟ್ಟದ್ದೆಂಬುದು ನಿಜವೇ. ಆದರೆ ಪ್ಲಾಕಿನ ವಿಷಯದಲ್ಲಿ ಮಾತು ತಿರುಗುಮುರುಗಾಗುತ್ತದೆ: ತೆಳು ಹೊದಿಕೆಯೊಳಗೆ ಗಂಜಿ ತುಂಬಿಕೊಂಡ ಮೆತ್ತನೆಯದೇ ಒಡೆಯುವ ಸಂಭವ ಹೆಚ್ಚು.

1951ರಲ್ಲಿ ಮಾಂಟ್ರಿಯಲ್‌ನ ವೈದ್ಯ ಮಿಲ್ಲರ್ ಫಿಶರ್, ಅನೇಕ ಲಕ್ವಗಳ ಮೂಲ ಮೆದುಳಲ್ಲ, ಕುತ್ತಿಗೆಯ ನಾಳ ಎಂದು ತೋರಿಸಿದರು. ಕೆಲವೇ ವರ್ಷಗಳಲ್ಲಿ ಶಸ್ತ್ರಚಿಕಿತ್ಸೆ ಆರಂಭವಾಯಿತು. ಯಾರಿಗೆ ಮಾಡಬೇಕೆಂಬ ಜಗಳ ದಶಕಗಳ ಕಾಲ ನಡೆಯಿತು. 1991ರಲ್ಲಿ ಉತ್ತರ ಅಮೆರಿಕದ ಅಧ್ಯಯನವೊಂದು ಉತ್ತರ ಕೊಟ್ಟಿತು. ಲಕ್ವದ ಲಕ್ಷಣ ಕಂಡು, ನಾಳ ಶೇ. 70ರಿಂದ 99ರಷ್ಟು ಇಕ್ಕಟ್ಟಾದವರಲ್ಲಿ ಬರೀ ಔಷಧಿ ಪಡೆದ ಶೇ. 26 ಮಂದಿಗೆ ಎರಡು ವರ್ಷದೊಳಗೆ ಅದೇ ಬದಿಯ ಲಕ್ವ ಹೊಡೆಯಿತು. ಶಸ್ತ್ರಚಿಕಿತ್ಸೆಯಾದವರಲ್ಲಿ ಇದು ಶೇ. 9. ಪರ್ಸೆಂಟ್ ಲೆಕ್ಕ ಗಟ್ಟಿಯಾಗಿ ಬೇರೂರಿದ್ದು ಹೀಗೆ. ಈ ಲೆಕ್ಕ ಬಹಳ ಜೀವಗಳನ್ನು ಉಳಿಸಿದೆ, ಸಂಶಯವಿಲ್ಲ. ಆದರೆ ಅದು ಅಳೆಯುವುದು ರಕ್ತಕ್ಕೆ ಉಳಿದಿರುವ ಜಾಗವನ್ನು, ಪ್ಲಾಕಿನ ಸ್ವಭಾವವನ್ನಲ್ಲ. ಅರ್ಧ ಮುಚ್ಚಿದ ನಾಳದಿಂದಲೂ ಲಕ್ವ ಬರುವುದುಂಟು.

ಅದೇ 1991ರಲ್ಲಿ ಅಮೆರಿಕದ ಹೂಸ್ಟನ್‌ನಲ್ಲಿ ಜೊನಾಥನ್ ಓಫಿರ್ ಮತ್ತು ಸಂಗಡಿಗರು 'ಎಲಾಸ್ಟೋಗ್ರಫಿ' ಎಂಬ ವಿಧಾನ ಪ್ರಕಟಿಸಿದರು. ಅಂಗವನ್ನು ಹಗುರಾಗಿ ಒತ್ತಿ, ಒತ್ತುವ ಮುಂಚಿನ ಮತ್ತು ನಂತರದ ಅಲ್ಟ್ರಾಸೌಂಡ್ ಪ್ರತಿಧ್ವನಿಗಳನ್ನು ಹೋಲಿಸುವುದು ಅದರ ಉಪಾಯ. ಮೆದುವಾದದ್ದು ಹೆಚ್ಚು ಕುಗ್ಗುತ್ತದೆ. ಕುತ್ತಿಗೆಯಲ್ಲಂತೂ ಒತ್ತುವ ಕೆಲಸವನ್ನು ಹೃದಯದ ಬಡಿತವೇ ಮಾಡಿಕೊಡುತ್ತದೆ. 2004ರಲ್ಲಿ ಪ್ಯಾರಿಸ್‌ನ ಮತಿಯಾಸ್ ಫಿಂಕ್ ಅವರ ತಂಡ ಮತ್ತೊಂದು ದಾರಿ ಪ್ರಕಟಿಸಿತು. ಅಲ್ಟ್ರಾಸೌಂಡಿನಿಂದಲೇ ಅಂಗಾಂಶವನ್ನು ನೂಕಿ, ಅಡ್ಡಡ್ಡಲಾಗಿ ಹರಿಯುವ ಅಲೆ ಎಬ್ಬಿಸುವುದು. ಹಗ್ಗದ ತುದಿ ಕುಲುಕಿದಂತೆ. ಹಗ್ಗ ಬಿಗಿಯಿದ್ದರೆ ಅಲೆ ಬೇಗ ಸಾಗುತ್ತದೆ. ಈ ಅಲೆ ಸೆಕೆಂಡಿಗೆ ಕೆಲವೇ ಮೀಟರ್ ಓಡುತ್ತದೆ. ಅದನ್ನು ಹಿಡಿಯಲು ಸೆಕೆಂಡಿಗೆ ಸಾವಿರಾರು ಚಿತ್ರ ಬೇಕು. ಮೂನ್ಸ್, ಕೋರ್ಟೆವೆಗ್ ನಾಡಿಯಲ್ಲಿ ಕಂಡ ತತ್ವವೇ ಹೀಗೆ ಯಂತ್ರದೊಳಗೆ ಮರಳಿತು.

ಯಕೃತ್ತಿನ ಪರೀಕ್ಷೆಯಲ್ಲಿ ಇಂಥ ವಿಧಾನಗಳು ಇಂದು ಸಾಮಾನ್ಯ. ಕುತ್ತಿಗೆ ಅಷ್ಟು ಸುಲಭವಲ್ಲ. ಯಕೃತ್ತು ದೊಡ್ಡದು, ಒಂದೇ ಹದದ್ದು; ಪ್ಲಾಕ್ ಕೆಲವೇ ಮಿಲಿಮೀಟರ್, ಅದೂ ಪ್ರತಿ ಬಡಿತಕ್ಕೂ ಅಲುಗುವಂಥದ್ದು. ತೆಳುಗೋಡೆಯಲ್ಲಿ ಅಲೆ ಪುಟಿದು ಬೆರೆಯುವುದರಿಂದ ಯಕೃತ್ತಿಗೆ ಹೊಂದುವ ಸೂತ್ರ ಇಲ್ಲಿ ನೇರವಾಗಿ ಹೊಂದುವುದಿಲ್ಲ. ಸುಣ್ಣಗಟ್ಟಿದ ಕಡೆ ಹಿಂಬದಿಗೆ ನೆರಳು ಬಿದ್ದು ಚಿತ್ರವೇ ಮರೆಯಾಗುತ್ತದೆ.

2014ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ಸಂಶೋಧಕರು ಈ ಅಲೆಯಿಂದ ರೋಗಿಗಳ ಕೆರೋಟಿಡ್ ಪ್ಲಾಕುಗಳನ್ನು ಅಳೆದರು. ಲಕ್ವದ ಲಕ್ಷಣ ಕಂಡವರ ಪ್ಲಾಕುಗಳು ಉಳಿದವರಿಗಿಂತ ಸರಾಸರಿ ಮೆತ್ತಗಿದ್ದವು. ಮರುವರ್ಷ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಪ್ಲಾಕುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅಳತೆಯೊಂದಿಗೆ ಹೋಲಿಸಿದ ವರದಿಯೂ ಬಂತು. ಹೀಗಿದ್ದರೂ ಶಸ್ತ್ರಚಿಕಿತ್ಸೆಯ ನಿರ್ಧಾರ ಇಂದಿಗೂ ಮುಖ್ಯವಾಗಿ ಪರ್ಸೆಂಟ್ ಲೆಕ್ಕದ ಮೇಲೆಯೇ ನಿಂತಿದೆ. ನಮಗೆ ಕಾಣುವ ತೊಡಕು ಇದು: ಸೂಕ್ಷ್ಮದರ್ಶಕಕ್ಕೆ ಸಿಗುವುದು ತೆಗೆದ ಪ್ಲಾಕ್ ಮಾತ್ರ. ಒಳಗೇ ಉಳಿದವುಗಳಲ್ಲಿ ಯಾವುದು ಒಡೆಯಿತು, ಯಾವುದು ಸುಮ್ಮನಿತ್ತು ಎಂಬುದನ್ನು ನೋಡಬೇಕಾದರೆ ಅಳತೆ ಮಾಡಿ ಬಿಟ್ಟವರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು.